ಜ್ವರಕ್ಕೆ ಕೂತ ಡಬ್ಬ

ಕೆಂಚಾರ್ಲಹಳ್ಳಿಯ ಲಕ್ಷ್ಮೀನರಸಮ್ಮನ ಕೈಗೆ ಇದ್ದಿಲು ಸಿಕ್ಕರೆ ಊರಿನ ಯಾವ ದೊಡ್ಡ ಮನುಷ್ಯನ ಮೂಗಿಗೂ ಕ್ಷೇಮವಿಲ್ಲ ಎಂಬ ಮಾತು ಹುಟ್ಟಿ ಮೂವತ್ತೈದು ವರ್ಷ ದಾಟಿತು. ಶಿಡ್ಲಘಟ್ಟದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದ ಮೂರನೆಯ ತಿಂಗಳಿಗೇ ಅವಳು ರೇಷ್ಮೆ ಹುಳದ ಮನೆಯ ಒಳಗೋಡೆಯ ಮೇಲೆ ಅತ್ತೆಯ ಮುಖ ಬರೆದಳು. ಕಣ್ಣು ಅತ್ತೆಯದೇ, ಕಿವಿಯ ಓಲೆಯೂ ಅತ್ತೆಯದೇ. ಬಾಯಿ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ತಮಟೆ. ಮಾವ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮೂರು ದಿನ ಸೊಸೆಯೊಡನೆ ಮಾತು ಬಿಟ್ಟರು. ಮನೆಯಲ್ಲಿ ತಮಟೆ ನಿಂತಿತಲ್ಲ ಎಂದು ಮಾವ ಆ ಮೂರು ದಿನವೂ ನಕ್ಕರು.

ಅಲ್ಲಿಂದಾಚೆಗೆ ಗೋಡೆ ಏರಿದವರು ಬಹಳ ಮಂದಿ. ಹಾಲಿನ ಡೈರಿಯಲ್ಲಿ ನೀರು ಬೆರೆಸಿದ್ದೀರಿ ಎಂದು ಎಲ್ಲರ ಮೇಲೂ ಹಾರಿಬೀಳುತ್ತಿದ್ದ ಚೆನ್ನರಾಯಪ್ಪ ಹಾಲಿನ ಕ್ಯಾನಾಗಿ ಬಂದ; ಮುಚ್ಚಳ ಟೋಪಿಯಂತೆ ವಾರೆಯಾಗಿತ್ತು. ಹಿಪ್ಪುನೇರಳೆ ಸೊಪ್ಪಿನ ತೋಟ ನೋಡಲು ಬಂದು, ಬಿಸಿಲು ತಾಳದೆ ಜೀಪಿನಿಂದ ಇಳಿಯದೆಯೇ ಹೋದ ಸಾಹೇಬರೊಬ್ಬರು ಚಕ್ರ ಇರುವ ಬದನೆಕಾಯಿಯಾದರು. ಗಂಡ ಮುನಿವೆಂಕಟಪ್ಪನಂತೂ ಬೆಳೆಗೊಂದು ಅವತಾರ ಎತ್ತಿದ. ಒಮ್ಮೆ ಮುಳ್ಳಿನ ಬೇಲಿ, ಒಮ್ಮೆ ಉಕ್ಕುವ ಅನ್ನದ ತಪ್ಪಲೆ, ಒಮ್ಮೆ ಗೊರಕೆ ಹೊಡೆಯುವ ಟ್ರಾಕ್ಟರು. ಯಾವ ಅವತಾರದಲ್ಲಿಯೂ ತಪ್ಪದೆ ಇದ್ದದ್ದು ಅವನ ಮೀಸೆ ಒಂದೇ. ತುದಿ ಎರಡೂ ಮೇಲಕ್ಕೆ ಚೇಳಿನ ಕೊಂಡಿಯ ಹಾಗೆ ಎದ್ದು ನಿಂತ ಆ ಮೀಸೆಯನ್ನು ದಿನವೂ ಬೆಳಿಗ್ಗೆ ಕೊಬ್ಬರಿ ಎಣ್ಣೆ ಮುಟ್ಟಿಸಿ ಎಬ್ಬಿಸುವುದು ಅವನ ಮೊದಲ ಕೆಲಸ.

ಆದರೆ ರೇಷ್ಮೆ ಹುಳ ಸಾಕುವವರ ಮನೆಯ ಗೋಡೆಗೆ ಆಯಸ್ಸು ಕಡಿಮೆ. ಒಂದು ಬೆಳೆ ಗೂಡಾಗಿ ಮಾರುಕಟ್ಟೆಗೆ ಹೋದದ್ದೇ ತಡ, ಮುಂದಿನ ಹುಳ ಬರುವುದರೊಳಗೆ ಮನೆಯನ್ನೆಲ್ಲ ತೊಳೆದು, ಬ್ಲೀಚಿಂಗ್ ಪೌಡರ್ ಹೊಡೆದು, ಸುಣ್ಣ ಬಳಿಯಲೇಬೇಕು. ಇಲ್ಲವಾದರೆ ಹಳೆಯ ರೋಗ ಹೊಸ ಹುಳಕ್ಕೆ ಹತ್ತುತ್ತದೆ. ವರ್ಷಕ್ಕೆ ಐದು ಬೆಳೆಯಾದರೆ ಐದು ಸಲ ಸುಣ್ಣ. ಬರೆದವಳೇ ಬಕೆಟ್ಟು ಹಿಡಿದು, ಬರೆದ ಮೂಗನ್ನೆಲ್ಲ ತಾನೇ ಅಳಿಸಬೇಕು. ಹೀಗೆ ಅವಳು ಬರೆದ ಮುಖಗಳು ಸಾವಿರಕ್ಕೆ ಕಡಿಮೆಯಿಲ್ಲ, ಉಳಿದದ್ದು ಒಂದೂ ಇಲ್ಲ. ಅದನ್ನು ಅವಳು ಯಾರ ಮುಂದೆಯೂ ಆಡಿಕೊಂಡವಳಲ್ಲ. ಚೆನ್ನಾಗಿ ಕೂತ ಒಂದು ಹುಬ್ಬಿನ ಹತ್ತಿರ ಬಂದಾಗ ಮಾತ್ರ ಸುಣ್ಣದ ಬ್ರಷ್ಷು ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟೆ.

ಆ ಕಂಪ್ಯೂಟರು ಅವಳ ಕಣ್ಣಿಗೆ ಬಿದ್ದದ್ದು ಚಿಂತಾಮಣಿಯಲ್ಲಿ. ಅಲ್ಲಿ ಅವಳ ಅಕ್ಕನ ಮಗ ತಿರುಮಲೇಶನದು ಬ್ಯಾನರು, ಫೋಟೋ ಎಲ್ಲ ಅಚ್ಚು ಹಾಕಿಕೊಡುವ ಅಂಗಡಿ. ಹೊಸ ಯಂತ್ರ ಬಂದ ಮೇಲೆ ಹಳೆಯದನ್ನು ಬಾಗಿಲ ಸಂದಿಯಲ್ಲಿ ನಿಲ್ಲಿಸಿದ್ದ. ಅದರ ಮೇಲೆ ಚಪ್ಪಲಿ ಇಡುತ್ತಿದ್ದರು.

"ಅದನ್ನ ನಂಗೆ ಕೊಡಪ್ಪ, ಚಿತ್ರ ಬರ್ಕೊಂತೀನಿ" ಎಂದಳು ಲಕ್ಷ್ಮೀನರಸಮ್ಮ.

ತಿರುಮಲೇಶ ನಕ್ಕ. "ಚಿಕ್ಕಮ್ಮ, ಇದು ಮುದಿ ಎತ್ತು. ಎರಡೇ ಜಿಬಿ ರಾಮು ಇರೋದು. ಬಿಲ್ ಹೊಡಿಯೋಕೇ ಏದುಸಿರು ಬಿಡ್ತೈತೆ. ಚಿತ್ರ ಬರಿಯೋಕೆ ಹೋದ್ರೆ ಪ್ರಾಣನೇ ಬಿಡ್ತೈತೆ."

"ಮುದಿ ಎತ್ತಿಗೆ ಹೊರೆ ಹೆಂಗೆ ಹೇರ್ಬೇಕು ಅಂತ ನನಗೆ ಹೇಳ್ಕೊಡ್ಬೇಡ ಕಣೋ. ನಿಮ್ಮ ಚಿಕ್ಕಪ್ಪನ್ನ ಇಷ್ಟು ವರ್ಷ ಓಡಿಸ್ಲಿಲ್ವಾ?"

ಅವನು ಪುಕ್ಕಟೆ ಸಿಗುವ ಚಿತ್ರ ಬರೆಯುವ ಸಾಫ್ಟ್‌ವೇರ್ ಒಂದನ್ನು ಅದರೊಳಗೆ ತುಂಬಿ, ಆಟೋದಲ್ಲಿ ಹಾಕಿ ಕಳಿಸಿದ. ಗೌರಿಬಿದನೂರಿನಲ್ಲಿ ಮೇಷ್ಟರಮ್ಮನಾಗಿರುವ ಮಗಳು ಪ್ರಿಯಾಂಕ ಒಂದು ಕಪ್ಪು ಸ್ಲೇಟು ತಂದುಕೊಟ್ಟಳು. ಅದರ ಮೇಲೆ ಪೆನ್ನು ಆಡಿಸಿದರೆ ಗೆರೆ ಪರದೆಯ ಮೇಲೆ ಮೂಡುತ್ತದೆ. ಒಂದು ಭಾನುವಾರ ಪಕ್ಕದಲ್ಲಿ ಕೂತು ಪಾಠವನ್ನೂ ಹೇಳಿದಳು.

"ಇದು ಲೇಯರ್ ಕಣಮ್ಮ. ಗಾಜಿನ ಹಾಳೆ ಒಂದರ ಮೇಲೊಂದು ಇಟ್ಟಂಗೆ. ಮುಖ ಒಂದು ಹಾಳೇಲಿ ಬರಿ, ಮೀಸೆ ಇನ್ನೊಂದು ಹಾಳೇಲಿ ಬರಿ. ಮೀಸೆ ಬೇಡ ಅನ್ನಿಸ್ತಾ, ಆ ಹಾಳೆ ಕಿತ್ತಾಕು. ಮುಖ ಹಂಗೇ ಇರ್ತೈತೆ."

"ಈ ಅನುಕೂಲ ದೇವ್ರಿಗೂ ಇದ್ದಿದ್ರೆ ನಿಮ್ಮಪ್ಪನ ಕೋಪನ ಬೇರೆ ಹಾಳೇಲೇ ಬರೆದಿರ್ತಿದ್ದ ಬಿಡು" ಎಂದಳು ತಾಯಿ.

ಪಾಠವೇನೋ ತಲೆಗೆ ಹತ್ತಿತು. ಡಬ್ಬಕ್ಕೆ ಮಾತ್ರ ಹತ್ತಲಿಲ್ಲ. ಮೂರು ಹಾಳೆಯವರೆಗೂ ಹೇಗೋ ಕುಂಟಿಕೊಂಡು ಬರುತ್ತಿತ್ತು. ನಾಲ್ಕನೆಯದಕ್ಕೆ ಪರದೆ ಬೆಳ್ಳಗಾಗಿ, ಬಾಣದ ಗುರುತು ನಿಂತಲ್ಲೇ ನಿಂತು, ಗುಂಡುಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಅವಳು ಗುಂಡಿಗಳನ್ನೆಲ್ಲ ಒತ್ತುವಳು, ತಲೆಯ ಮೇಲೆ ತಟ್ಟುವಳು, ಕೊನೆಗೆ ಆರಿಸಿ ಮತ್ತೆ ಹಚ್ಚುವಳು. ಬರೆದದ್ದೆಲ್ಲ ಮಂಗಮಾಯ. ಆರು ತಿಂಗಳಲ್ಲಿ ಒಂದು ಚಿತ್ರವೂ ಪೂರ್ತಿಯಾಗಲಿಲ್ಲ.

ಮುನಿವೆಂಕಟಪ್ಪ ಸುಮ್ಮನೆ ನೋಡುತ್ತಿದ್ದ. ಡಬ್ಬ ಇದ್ದದ್ದು ಹುಳದ ಮನೆಯ ಮುಂದಿನ ಕೋಣೆಯಲ್ಲಿ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಒರಗಿಸಿಡುವ ಮೂಲೆಯಲ್ಲಿ. ಅವನಿಗೆ ಅಲ್ಲಿ ಇನ್ನೊಂದು ಹುಳದ ಸ್ಟ್ಯಾಂಡು ಹಾಕುವ ಆಸೆ. ಈ ಬೆಳೆಯ ಮರಿಹುಳ ಮನೆಗೆ ಬಂದ ದಿನ ಮೀಸೆ ತಿರುವುತ್ತ ಮಾತು ತೆಗೆದ.

"ನೋಡೇ, ನಾನು ಅನ್ಯಾಯ ಮಾಡೋ ಮನುಷ್ಯ ಅಲ್ಲ. ಈ ಹುಳ ಹಣ್ಣಾಗಿ ಚಂದ್ರಿಕೆ ಹತ್ತೋದ್ರೊಳಗೆ ಆ ಡಬ್ಬದಿಂದ ಒಂದೇ ಒಂದು ಚಿತ್ರ, ತಲೆಯಿಂದ ಕಾಲ್ಗಂಟ, ಆಚೆಗೆ ಬರ್ಲಿ. ನೋಡ್ದೋರು ಇದು ಇಂಥೋರೇ ಅಂತ ಗುರುತು ಹಿಡಿಯೋ ಹಂಗಿರ್ಲಿ. ಬಂದ್ರೆ ಅದು ಇಲ್ಲೇ ಇರ್ತೈತೆ, ನಾನು ಬಾಯಿ ಬಿಡಲ್ಲ. ಬರ್ಲಿಲ್ವಾ, ಗುಜರಿಯೋನು ಬಂದಾಗ ತೂಕಕ್ಕೆ ಹಾಕ್ತೀನಿ."

"ಬೇರೆ ಯಾರ ಮಿಷನ್ನೂ ಮುಟ್ದೆ, ಈ ಡಬ್ಬದಲ್ಲೇ?"

"ಈ ಡಬ್ಬದಲ್ಲೇ."

"ಪಂತ?"

"ಪಂತ."

ಎರಡು ಜ್ವರ ಎದ್ದ ಹುಳ ಹಣ್ಣಾಗಲು, ಎಂದರೆ ಗೂಡು ಕಟ್ಟುವಷ್ಟು ಬಲಿಯಲು, ಹದಿನೆಂಟೋ ಇಪ್ಪತ್ತೋ ದಿನ. ಜ್ವರ ಎಂದರೆ ಹುಳಕ್ಕೆ ರೋಗವಲ್ಲ. ಹುಳ ಬೆಳೆದು ಬೆಳೆದು ಮೈಯ ಚರ್ಮ ಬಿಗಿಯಾದಾಗ ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಒಳಗೊಳಗೇ ಹೊಸ ಚರ್ಮ ಮಾಡಿಕೊಂಡು ಹಳೆಯ ಪೊರೆ ಕಳಚುತ್ತದೆ. ಆ ಕೂರುವುದಕ್ಕೆ ಹುಳ ಸಾಕುವವರು ಜ್ವರ ಎನ್ನುತ್ತಾರೆ. ಹುಟ್ಟಿನಿಂದ ಹಣ್ಣಾಗುವವರೆಗೆ ನಾಲ್ಕು ಜ್ವರ. ಮೊದಲೆರಡನ್ನು ಮರಿಹುಳ ಸಾಕಿ ಮಾರುವ ಚಾಕಿ ಕೇಂದ್ರದವರೇ ಕಳೆದು ಕೊಡುತ್ತಾರೆ, ಉಳಿದೆರಡು ರೈತನ ಮನೆಯಲ್ಲಿ.

ಪಂತದ ಮಾತು ಕಾಂಪೌಂಡು ದಾಟಿ ಪಕ್ಕದ ಮನೆಯ ಪೆದ್ದಮ್ಮನ ಕಿವಿಗೆ ಬಿತ್ತು. ಪೆದ್ದಮ್ಮ ಮುನಿವೆಂಕಟಪ್ಪನ ಅಪ್ಪನ ಅಣ್ಣನ ಹೆಂಡತಿ. ವಯಸ್ಸು ಎಂಬತ್ತೈದೋ ತೊಂಬತ್ತೋ. ಆಕೆಯೇ ಒಂದೊಂದು ದಿನ ಒಂದೊಂದು ಹೇಳುತ್ತಾಳೆ. ಬಾಯಲ್ಲಿ ಒಂದು ಹಲ್ಲಿಲ್ಲ, ನಾಲಿಗೆಗೆ ಮಾತ್ರ ಮುಪ್ಪು ಬಂದಿಲ್ಲ. ಕೋಲು ಊರಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು.

"ಏಮೇ ನರಸಿ, ಚಿತ್ರ ಬರೀತೀಯಂತೆ. ನನ್ನೇ ಬರಿ."

"ನಿನ್ನ ಯಾಕೆ ಪೆದ್ದಮ್ಮ?"

"ನಮ್ಮೆಜಮಾನ್ರ ಫೋಟೋ ಪಕ್ಕ ಒಂದು ಮೊಳೆ ಹೊಡೆಸಿಟ್ಟಿದೀನಿ, ನೋಡಿಲ್ವಾ? ಅದು ನಂದು. ನಾನು ಹೋದ್ಮೇಲೆ ಈ ಹುಡುಗ್ರು ಅಲ್ಲಿಗೆ ಯಾವ್ದು ನೇತಾಕ್ತಾರೆ ಹೇಳು? ಆಧಾರ್ ಕಾರ್ಡಿಂದು! ಅದ್ರಲ್ಲಿ ನನ್ನ ಮೋರೆ ನೋಡಿದೀಯಾ? ಕೋಳಿ ಕದ್ದು ಸಿಕ್ಕಾಕೊಂಡೋಳ ಹಂಗಿದೀನಿ. ಅದನ್ನೇ ದೊಡ್ಡದು ಮಾಡ್ಸಿ, ಹೂವ ಹಾಕಿ, ಬಂದೋರಿಗೆಲ್ಲ ತೋರಿಸ್ತಾರೆ. ಸತ್ರೂ ಮಾನ ಉಳಿಯಲ್ಲ ಕಣೇ."

ಲಕ್ಷ್ಮೀನರಸಮ್ಮನಿಗೆ ನಗು ತಡೆಯಲಾಗಲಿಲ್ಲ. "ಆಯ್ತು ಬಿಡು, ಬರೀತೀನಿ."

"ಈಗಿನ ಹಂಗಲ್ಲ. ನಾನು ಈ ಊರಿಗೆ ಬಂದಾಗ ಇದ್ದಂಗೆ ಬರಿ. ತುರುಬು ಇಷ್ಟು ದಪ್ಪ. ಅದಕ್ಕೆ ಕನಕಾಂಬರ. ಮೂಗಿಗೆ ಎರಡೂ ಕಡೆ ಮೂಗುತಿ. ಸೀರೆ ಹಸಿರು, ಅಂಚಿಗೆ ಜರಿ, ಜರಿ ತುಂಬಾ ಮಾವಿನಕಾಯಿ. ಆಮೇಲೆ ಹಲ್ಲು, ಮೂವತ್ತೆರಡೂ ಕಾಣ್ಬೇಕು."

"ಬಾಯಿ ಮುಚ್ಕೊಂಡಿರೋ ಹಂಗೆ ಬರೀತೀನಿ. ಹಲ್ಲು ಒಳಗೈತೆ ಅಂದ್ಕೊಳ್ಲಿ."

"ನಾನು ಬಾಯಿ ಮುಚ್ಕೊಂಡಿದ್ರೆ ಊರಲ್ಲಿ ಯಾರು ತಾನೇ ಗುರುತು ಹಿಡೀತಾರೆ?"

ಅದು ನ್ಯಾಯವಾದ ಮಾತು. ಲಕ್ಷ್ಮೀನರಸಮ್ಮ ಮನಸ್ಸಿನಲ್ಲೇ ಎಣಿಸಿದಳು. ಮುಖ ಒಂದು ಹಾಳೆ, ತುರುಬು ಒಂದು, ಹೂವು ಒಂದು, ಸೀರೆ ಒಂದು, ಅಂಚು ಒಂದು, ಹಲ್ಲು ಇನ್ನೊಂದು. ಆರು ಹಾಳೆ! ಡಬ್ಬದ ಯೋಗ್ಯತೆ ಮೂರು.

"ಪೆದ್ದಮ್ಮ, ಇದ್ರೊಳಗೆ ರಾಮು ಕಮ್ಮಿ ಅಂತಾನೆ ತಿರುಮಲೇಶ."

"ರಾಮ ಕಮ್ಮಿಯಾದ್ರೆ ಏನಾಯ್ತೇ? ನಿನ್ನ ಹೆಸ್ರಲ್ಲೇ ನರಸಿಂಹ ಅವ್ನಲ್ಲ, ಅವನ ಮೇಲೆ ಭಾರ ಹಾಕು."

ಭಾರ ಹಾಕಿಯೇ ಶುರು ಮಾಡಿದಳು. ಸೊಪ್ಪು ಕತ್ತರಿಸಿ, ಹುಳಕ್ಕೆ ಹಾಕಿ, ಮನೆಯ ಮುದ್ದೆ ಸಾರು ಮುಗಿಸಿ, ಸಿಕ್ಕಷ್ಟು ಹೊತ್ತು ಸ್ಲೇಟಿನ ಮುಂದೆ. ನಾಲ್ಕನೆಯ ದಿನಕ್ಕೆ ಪೆದ್ದಮ್ಮನ ಮುಖ ಬಂತು, ತುರುಬು ಬಂತು, ಮೂಗುತಿಯೂ ಮಿನುಗಿತು. ಐದನೆಯ ದಿನ ಬೆಳಿಗ್ಗೆ ಕನಕಾಂಬರಕ್ಕೆ ಕೈ ಹಾಕಿದ್ದೇ ತಡ, ಪರದೆ ಬೆಳ್ಳಗಾಯಿತು. ಅವಳು ಹಲ್ಲು ಕಚ್ಚಿಕೊಂಡು ಹಟ್ಟಿಯ ಕೆಲಸಕ್ಕೆ ಎದ್ದು ಹೋದಳು. ತಿರುಗಿ ಬರುವಷ್ಟರಲ್ಲಿ ಮುನಿವೆಂಕಟಪ್ಪ ಮೌಸನ್ನು ಮೇಜಿಗೆ ನಾಲ್ಕು ಸಲ ಕುಟ್ಟಿ, ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ. ಕೂಡಿಡಲು ಹೋದರೆ ಎಲ್ಲಿ ಕೂತುಬಿಡುತ್ತದೋ ಎಂದು ಡಬ್ಬವನ್ನು ರಾತ್ರಿಯೂ ಆರಿಸದೆ ಬರೆದಿದ್ದ ನಾಲ್ಕು ದಿನದ ಪೆದ್ದಮ್ಮ ಹೊಗೆಯಾಗಿ ಹೋಗಿದ್ದಳು.

"ನಾನೇನು ಮಾಡ್ದೆ?" ಎಂದ ಅವನು, ಅವಳ ಕಣ್ಣು ನೋಡಿ. "ಬೆಪ್ಪುತಕ್ಕಡಿ ಹಂಗೆ ಕೂತಿತ್ತು. ಎಬ್ಬಿಸ್ದೆ."

ಪಂತ ಸೋಲಲಿ ಎಂದು ಬೇಕೆಂದೇ ಕಿತ್ತನೋ, ನಿಜವಾಗಿಯೂ ಎಬ್ಬಿಸಲು ಹೋದನೋ, ದೇವರಿಗೇ ಗೊತ್ತು. ಲಕ್ಷ್ಮೀನರಸಮ್ಮ ಬಾಯಿ ಬಿಟ್ಟರೆ ಜಗಳವೇ ಆಗುತ್ತಿತ್ತು. ಬಿಡದೆ ಹುಳದ ಮನೆಯೊಳಕ್ಕೆ ಹೋದಳು.

ಅಲ್ಲಿ ಅಂದೇ ಮೂರನೆಯ ಜ್ವರ. ಸ್ಟ್ಯಾಂಡಿನ ಉದ್ದಕ್ಕೂ ಸಾವಿರ ಸಾವಿರ ಹುಳ ತಲೆ ಎತ್ತಿ, ಮೇವು ಮರೆತು, ಜಪಕ್ಕೆ ಕೂತ ಹಾಗೆ ಕೂತಿದ್ದವು. ಗೊತ್ತಿಲ್ಲದವರು ನೋಡಿದರೆ ಎಲ್ಲ ಸತ್ತವು ಎನ್ನಬೇಕು. ಅವಳ ಬಳೆ ಒಂದು ಸ್ಟ್ಯಾಂಡಿಗೆ ತಾಗಿ ಠಣ್ ಎಂದಿತು. ಹಿಂದೆಯೇ ಬಂದಿದ್ದ ಮುನಿವೆಂಕಟಪ್ಪ ಉಸಿರಿನಲ್ಲೇ ಗದರಿದ:

"ಏಯ್, ಮೆಲ್ಲಕೆ! ಜ್ವರಕ್ಕೆ ಕೂತವೆ, ಕಾಣಲ್ವಾ?"

ಅವಳು ಹಾಗೆಯೇ ತಿರುಗಿದಳು. "ರೀ, ಜ್ವರದ ಹುಳಕ್ಕೆ ಸೊಪ್ಪು ಹಾಕಿದ್ರೆ ಏನಾಗ್ತೈತೆ?"

"ಹಾಳಾಗ್ತೈತೆ. ಅದೇನು ಇವತ್ತು ಹೊಸದಾಗಿ ಕೇಳ್ತೀಯ?"

"ಮುಟ್ಟಿ ಎಬ್ಬಿಸಿದ್ರೆ?"

"ಪೊರೆ ಬಿಡಕ್ಕಾಗ್ದೆ ಸಾಯ್ತೈತೆ. ಅದು ಸುಮ್ನೆ ಕೂತೈತೆ ಅಂದ್ಕೊಂಡಿದೀಯಾ? ಒಳಗೆ ಕೆಲ್ಸ ನಡೀತಾ ಇರ್ತೈತೆ. ಅದಾಗಿ ಅದು ಏಳೋಗಂಟ ಕಾಯ್ಬೇಕು."

"ನನ್ನ ಡಬ್ಬನೂ ಜ್ವರಕ್ಕೆ ಕೂತಿತ್ತು. ಅದಾಗಿ ಅದು ಏಳ್ತಿತ್ತು. ನೀವು ಪ್ಲಗ್ ಕಿತ್ರಿ."

ಆರು ತಿಂಗಳಿನಿಂದ ತಾನೇ ಆ ಡಬ್ಬವನ್ನು ತಟ್ಟಿ ಕುಟ್ಟಿ ಕೊಂದಿದ್ದಳಲ್ಲ, ಅದನ್ನು ಲಕ್ಷ್ಮೀನರಸಮ್ಮ ಹೇಳಲಿಲ್ಲ. ಗಂಡನಿಗೆ ಎಲ್ಲವನ್ನೂ ಹೇಳುವುದು ಒಳ್ಳೆಯ ಹೆಂಗಸರ ಲಕ್ಷಣವಲ್ಲ.

ಅಂದಿನಿಂದ ಅವಳು ಡಬ್ಬವನ್ನು ಕಂಪ್ಯೂಟರಿನ ಹಾಗೆ ನಡೆಸುವುದನ್ನು ಬಿಟ್ಟು ಹುಳದ ಹಾಗೆ ಸಾಕತೊಡಗಿದಳು. ಹುಳ ಒತ್ತೊತ್ತಾಗಿದ್ದರೆ ಒಂದೂ ಬೆಳೆಯುವುದಿಲ್ಲ, ಬಿಡಿಸಿ ಬಿಡಿಸಿ ಹಾಕಬೇಕು. ಹಾಗೆಯೇ ಇಡೀ ಪೆದ್ದಮ್ಮನನ್ನು ಒಟ್ಟಿಗೆ ಬರೆಯುವುದನ್ನು ಬಿಟ್ಟು, ಮುಖ ಒಂದು ಕಡೆ, ತುರುಬು ಒಂದು ಕಡೆ, ಸೀರೆ ಒಂದು ಕಡೆ, ಬೇರೆ ಬೇರೆ ಚಿತ್ರವಾಗಿ ಬರೆದು ಬೇರೆ ಬೇರೆಯಾಗಿಯೇ ಕೂಡಿಟ್ಟಳು. ಹಾಳೆಯ ಅಳತೆಯನ್ನು ಅರ್ಧಕ್ಕೆ ಇಳಿಸಿದಳು. ಹಿಂದೆ ಇಂಟರ್ನೆಟ್ಟು, ಪಂಚಾಂಗ ಎಂದು ತೆರೆದುಕೊಂಡಿದ್ದ ಕಿಟಕಿಗಳನ್ನೆಲ್ಲ ಮುಚ್ಚಿದಳು. ಹುಳದ ಮನೆಗೆ ಸಿಕ್ಕ ಸಿಕ್ಕವರನ್ನು ಬಿಡುತ್ತೇವೆಯೇ? ಸೆಕೆಯಾದಾಗ ಹುಳಕ್ಕೆ ಇಡುತ್ತಿದ್ದ ಟೇಬಲ್ ಫ್ಯಾನನ್ನು ಡಬ್ಬದ ಬೆನ್ನಿಗೆ ತಿರುಗಿಸಿದಳು.

ಇಷ್ಟಾದರೂ ಆಗಾಗ ಕೂರುತ್ತಿತ್ತು. ಪ್ರಿಯಾಂಕಳಿಗೆ ಫೋನು ಮಾಡಿದಳು.

"ಅಮ್ಮ, ನೀನು ಬರೆದ ಒಂದೊಂದು ಗೆರೇನೂ ಅದು ನೆನಪಿಟ್ಕೊಂಡಿರುತ್ತೆ. ತಪ್ಪಾದ್ರೆ ಹಿಂದಕ್ಕೆ ಹೋಗೋಕೆ. ಐವತ್ತು ಹೆಜ್ಜೆ ಹಿಂದಕ್ಕೆ ಹೋಗ್ಬಹುದು. ಅದಕ್ಕೇ ಮೆಮರಿ ಸಾಲಲ್ಲ."

"ಐವತ್ತು ತಪ್ಪು ನೆನಪಿಟ್ಕೊಂಡು ಕೂತ್ರೆ ಯಾರಿಗೆ ತಾನೇ ಕೆಲ್ಸ ಸಾಗ್ತೈತೆ? ನಿಮ್ಮಪ್ಪನ ಕಾಯಿಲೆನೇ ಇದಕ್ಕೂ ಐತೆ ಅನ್ನು. ಕಡಿಮೆ ಮಾಡೋದು ಹೇಳ್ಕೊಡು."

"ಕಡಿಮೆ ಮಾಡಿದ್ರೆ ತಪ್ಪು ತಿದ್ದೋಕೆ ಆಗಲ್ಲ ಅಮ್ಮ."

"ಅಂಗಳದಲ್ಲಿ ರಂಗೋಲಿ ಬಿಡೋವಾಗ ಯಾವ ಹಿಂದಕ್ಕೆ ಹೋಗಿದ್ದೆ ನಾನು?"

ಐವತ್ತನ್ನು ಎರಡಕ್ಕೆ ಇಳಿಸಿದರು. ಡಬ್ಬ ಹಗುರಾಯಿತು. ಮತ್ತೂ ಪರದೆ ಬೆಳ್ಳಗಾದರೆ ಲಕ್ಷ್ಮೀನರಸಮ್ಮ ಪೆನ್ನು ಕೆಳಗಿಟ್ಟು, ಕೈಕಟ್ಟಿ, ಡಬ್ಬದ ಮುಂಭಾಗದ ಸಣ್ಣ ಕೆಂಪು ದೀಪವನ್ನು ನೋಡುವಳು. ಅದು ಪಿಳಿಪಿಳಿ ಎನ್ನುತ್ತಿದ್ದರೆ ಜೀವವಿದೆ, ಒಳಗೆ ಕೆಲಸ ನಡೆದಿದೆ ಎಂದರ್ಥ. "ತಲೆ ಎತ್ಕೊಂಡು ಕೂತೈತೆ" ಎಂದು ಸೊಪ್ಪಿಗೆ ಹೊರಡುವಳು. ಬರುವಷ್ಟರಲ್ಲಿ ಗೆರೆ ಬಂದಿರುತ್ತಿತ್ತು.

ನಾಲ್ಕನೆಯ ಜ್ವರದ ದಿನ ಮನೆಯವರಿಗೆಲ್ಲ ಬಿಡುವು. ಹುಳಕ್ಕೆ ಮೇವಿಲ್ಲವಾದ್ದರಿಂದ ಸೊಪ್ಪು ಕತ್ತರಿಸುವ ಕೆಲಸವೂ ಇಲ್ಲ. ಮುನಿವೆಂಕಟಪ್ಪ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದ. ಲಕ್ಷ್ಮೀನರಸಮ್ಮನಿಗೆ ಪ್ಲಗ್ಗು ಕಿತ್ತ ಉರಿ ಇನ್ನೂ ಆರಿರಲಿಲ್ಲ. ಪೆದ್ದಮ್ಮನ ಸೀರೆಯ ಚಿತ್ರ ತೆರೆದು, ಅದರ ಮೇಲೊಂದು ಖಾಲಿ ಹಾಳೆ ಹಾಕಿ, ಹೆಬ್ಬೆರಳಷ್ಟು ಗಾತ್ರದಲ್ಲಿ ಒಂದು ರೇಷ್ಮೆ ಹುಳ ಬರೆದಳು. ಕೊಬ್ಬಿದ ಹುಳ, ಬೆನ್ನು ಬಾಗಿಸಿ ಮುದುರಿ ಮಲಗಿದೆ, ಬಾಯಲ್ಲೊಂದು ಪ್ಲಗ್ಗು. ಮೂತಿಯ ಕೆಳಗೆ ಎರಡು ಕೊಂಡಿ ಮೀಸೆ. ನೋಡಿ ನೋಡಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಒಂದು ಗಳಿಗೆ ನಕ್ಕು ಕಿತ್ತೆಸೆಯುವ ಹಾಳೆ ತಾನೇ ಎಂದುಕೊಂಡಿದ್ದಳು.

ಅಷ್ಟರಲ್ಲಿ ಗೊರಕೆ ನಿಂತಿತು, ಹೆಜ್ಜೆಯ ಸದ್ದು ಬಂತು. ಕಿತ್ತೆಸೆಯುವಷ್ಟು ಹೊತ್ತಿಲ್ಲ. ಹುಳವನ್ನು ಸರ್ರನೆ ಎಳೆದು ಸೀರೆಯ ಜರಿ ಅಂಚಿಗೆ ಬಿಟ್ಟಳು. ಅಲ್ಲಿ ಸಾಲಾಗಿ ಬಂಗಾರದ ಬಣ್ಣದ ಮಾವಿನಕಾಯಿಗಳು, ತುದಿ ಬಾಗಿ ಮುದುರಿಕೊಂಡಿದ್ದವು. ಅವುಗಳ ನಡುವೆ ಬಂಗಾರದ ಬಣ್ಣದ ಹುಳ ಇನ್ನೊಂದು ಮಾವಿನಕಾಯಿಯಾಗಿ ಕೂತುಬಿಟ್ಟಿತು.

"ಏನು ನಗ್ತಾ ಇದ್ದೆ?"

"ಪೆದ್ದಮ್ಮನ ಹಲ್ಲು ನೋಡಿ ನಗು ಬಂತು."

ಜ್ವರ ಎದ್ದ ಹುಳದ ಹಸಿವು ಕಂಡವರಿಗೇ ಗೊತ್ತು. ಮುಂದಿನ ಏಳು ದಿನ ಹಗಲಿಗೆ ಮೂರು ಸಲ ಸೊಪ್ಪು. ಮಳೆ ಸುರಿದ ಹಾಗೆ ಸರಸರ ತಿನ್ನುವ ಸದ್ದಿನಲ್ಲಿ ಲಕ್ಷ್ಮೀನರಸಮ್ಮ ಮೀಸೆಯ ಹುಳವನ್ನು ಮರೆತೇಬಿಟ್ಟಳು. ಸಿಕ್ಕ ಹೊತ್ತಿನಲ್ಲಿ ಹೂವು ಮುಗಿಸಿದಳು, ಹಲ್ಲು ಮುಗಿಸಿದಳು. ಉಳಿದದ್ದು ಎಲ್ಲವನ್ನೂ ಒಂದೇ ಹಾಳೆಯಾಗಿ ಕೂಡಿಸುವ ಕೆಲಸ. ಅದಕ್ಕೆ ಕೈ ಹಾಕಿದ ಬೆಳಿಗ್ಗೆ ಪರದೆಯ ಮೇಲೆ ಒಂದು ಚೌಕ ಎದ್ದಿತು: ಮೆಮರಿ ಸಾಲದು.

ಅವಳು ಎದೆಗೆಡಲಿಲ್ಲ. ಎರಡೆರಡೇ ಹಾಳೆ ತೆಗೆದುಕೊಂಡು ಬೆಸೆದಳು. ಮುಖಕ್ಕೆ ಹಲ್ಲು, ಸಣ್ಣ ಜ್ವರ ಬಂತು, ಎದ್ದಿತು. ಅದಕ್ಕೆ ತುರುಬು, ಹೂವು. ಮತ್ತೊಂದು ಜ್ವರ, ಎದ್ದಿತು. ಸೀರೆಗೆ ಅದರ ಮೇಲಿದ್ದ ಹಾಳೆಗಳನ್ನೆಲ್ಲ ಸೇರಿಸಿ ಒಂದು ಮಾಡಿದಳು. ಕೊನೆಗೆ ತಲೆಯನ್ನೂ ಮೈಯನ್ನೂ ಕೂಡಿಸಲು ಒತ್ತಿದಾಗ ಡಬ್ಬ ದೊಡ್ಡ ಜ್ವರಕ್ಕೆ ಕೂತಿತು. ಪರದೆ ಬೆಳ್ಳಗೆ, ದೀಪ ಪಿಳಿಪಿಳಿ. ತಿಂಡಿಯಾಯಿತು, ಏಳಲಿಲ್ಲ. ಒಂದು ಹೊರೆ ಸೊಪ್ಪು ಬಂತು, ಏಳಲಿಲ್ಲ.

ಅದೇ ಹೊತ್ತಿಗೆ ಮುನಿವೆಂಕಟಪ್ಪ ಅಂಗೈಯಲ್ಲಿ ಒಂದು ಹುಳ ಇಟ್ಟುಕೊಂಡು ಕುಣಿಯುತ್ತ ಬಂದ. ಹುಳದ ಮೈ ಹಳದಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವ ಹಾಗೆ ಹಣ್ಣಾಗಿತ್ತು.

"ಹಣ್ಣಾಯ್ತು ಕಣೇ! ಪಂತ ಮುಗೀತು. ತೆಗಿ ಡಬ್ಬನ."

"ಒಂದು ಹುಳ ಹಣ್ಣಾದ್ರೆ ಬೆಳೆ ಹಣ್ಣಾಯ್ತಾ? ಮಾತಾಡಿದ್ದೇನು? ಚಂದ್ರಿಕೆ ಹತ್ತೋಗಂಟ."

"ನಾಳೆ ಬೆಳಿಗ್ಗೆ ಎಲ್ಲಾ ಹತ್ತುತ್ತವೆ. ಇದು ಬದುಕೋ ಹಂಗಿಲ್ಲ, ನಾನೇ ಆರಿಸ್ತೀನಿ" ಎಂದು ಪ್ಲಗ್ಗಿನ ಕಡೆ ಹೆಜ್ಜೆ ಹಾಕಿದ. ಪ್ಲಗ್ಗಿನ ಮುಂದೆ ಪೆದ್ದಮ್ಮ ಚಾಪೆ ಹಾಸಿ ಕೂತಿದ್ದಳು. ಕೋಲು ಮಡಿಲಲ್ಲಿತ್ತು.

"ಇನ್ನೊಂದು ಹೆಜ್ಜೆ ಇಡು ನೋಡಣ, ಮುನಿವೆಂಕಟ. ನಿನಗೆ ಲಂಗೋಟಿ ಕಟ್ಟಿದೋಳು ನಾನು. ಅದ್ರೊಳಗೆ ನನ್ನ ತಲೆ ಬೇರೆ ಮುಂಡ ಬೇರೆ ಆಗಿ ಬಿದ್ದೈತೆ. ಕೂಡೋಗಂಟ ಯಾವನೂ ಮುಟ್ಟಂಗಿಲ್ಲ."

ಮೂವರೂ ಕೂತು ಕೆಂಪು ದೀಪವನ್ನೇ ನೋಡಿದರು. ಒಮ್ಮೆ ದೀಪ ಪೂರ್ತಿ ನಿಂತಿತು. ಮುನಿವೆಂಕಟಪ್ಪನ ಮೀಸೆ ಎದ್ದಿತು. ಇನ್ನು ಮುಂದೆ ಇದ್ದಿಲು, ಗೋಡೆ, ಸುಣ್ಣದ ಬಕೆಟ್ಟು ಅಷ್ಟೆ ಎಂದು ಲಕ್ಷ್ಮೀನರಸಮ್ಮನ ಮನಸ್ಸಿಗೆ ಬಂದುಹೋಯಿತು. ಅಷ್ಟರಲ್ಲಿ ಮತ್ತೆ ಪಿಳಿ ಎಂದಿತು. ಹಿಂದೆಯೇ ಪರದೆಯ ಬಿಳಿ ಹಾಲಿನ ಕೆನೆಯಂತೆ ಸರಿದು, ಹಸಿರು ಸೀರೆಯುಟ್ಟ ಪೆದ್ದಮ್ಮ ಮೂವತ್ತೆರಡು ಹಲ್ಲೂ ಬಿಟ್ಟು ನಕ್ಕಳು.

ಚಾಪೆಯ ಮೇಲಿದ್ದ ಪೆದ್ದಮ್ಮ ಒಂದು ಹಲ್ಲೂ ಇಲ್ಲದೆ ನಕ್ಕಳು.

ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಲಕ್ಷ್ಮೀನರಸಮ್ಮ ಚಿಂತಾಮಣಿ ಬಸ್ಸು ಹತ್ತಿದಳು. ತಿರುಮಲೇಶನ ಹೊಸ ಯಂತ್ರ ಚಿತ್ರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಅವನು ಕುರ್ಚಿ ಎಳೆದುಕೊಂಡು ಹತ್ತಿರ ಕೂತ.

"ಚಿಕ್ಕಮ್ಮ, ಆ ಡಬ್ಬದಲ್ಲಾ? ಸುಳ್ಳು ಹೇಳ್ಬೇಡ."

"ನಿಂಗೆ ಸುಳ್ಳು ಹೇಳಿ ನಂಗೇನು ಬರ್ತೈತೆ?"

ಅವನು ಮೆಚ್ಚಿಕೊಂಡು ಅಲ್ಲಲ್ಲಿ ದೊಡ್ಡದು ಮಾಡಿ ನೋಡುತ್ತ ಬಂದ. ಸೀರೆಯ ಅಂಚಿಗೆ ಬಂದವನು ನಿಂತ. ಇನ್ನೂ ದೊಡ್ಡದು ಮಾಡಿದ. ಅವನ ಪರದೆಯ ತುಂಬ, ಬಾಯಲ್ಲಿ ಪ್ಲಗ್ಗು ಕಚ್ಚಿಕೊಂಡು, ಕೊಂಡಿ ಮೀಸೆಯ ರೇಷ್ಮೆ ಹುಳ ಮಲಗಿತ್ತು.

"ಇದು... ಚಿಕ್ಕಪ್ಪ ಅಲ್ವಾ?"

"ಅಯ್ಯೋ ದೇವುಡಾ!" ಎಂದು ಲಕ್ಷ್ಮೀನರಸಮ್ಮ ಬಾಯಿಗೆ ಕೈಯಿಟ್ಟುಕೊಂಡಳು. ಹಾಳೆಗಳನ್ನೆಲ್ಲ ಬೆಸೆಯುವಾಗ ಅದೂ ಸೇರಿಕೊಂಡಿತ್ತು. ಹಿಂದಕ್ಕೆ ಹೋಗುವ ದಾರಿಯೋ, ತಾನೇ ಎರಡು ಹೆಜ್ಜೆಗೆ ಇಳಿಸಿದ್ದಳು.

"ಬಿಡು, ನಾನು ಇಲ್ಲೇ ಅಳಿಸಿ ಕೊಡ್ತೀನಿ. ಎರಡು ನಿಮಿಷ."

ಅವಳು ಅವನ ಕೈ ಹಿಡಿದು ತಡೆದಳು. "ಬೇಡಪ್ಪ. ನಿನ್ನ ಮಿಷನ್ನಲ್ಲಿ ಒಂದು ಗೆರೆ ತಿದ್ದಿದ್ರೂ ಪಂತ ನನ್ನ ಕೈ ಬಿಡ್ತೈತೆ. ಚಿತ್ರ ಬರಿಯೋಕೆ ಬೇರೆ ಯಾರ ಮಿಷನ್ನೂ ಮುಟ್ಟಂಗಿಲ್ಲ ಅಂತ ಮಾತಾಗೈತೆ. ಇದ್ದದ್ದು ಇದ್ದಂಗೆ ಅಚ್ಚು ಹಾಕು."

ಹೊತ್ತು ಮುಳುಗುವ ಮುಂಚೆ ಸುರುಳಿ ಹಿಡಿದು ಮನೆಗೆ ಬಂದಳು. ಮಾರನೆಯ ಬೆಳಿಗ್ಗೆ ಚಂದ್ರಿಕೆಗೆ ಹುಳ ಬಿಡಲು ಬೇಕಲ್ಲ ಎಂದು ಕೂಲಿಯವರನ್ನು ಗೊತ್ತುಮಾಡಲು ಕೇರಿಯ ಓಬಳಮ್ಮ, ಮುನಿಗಂಗಪ್ಪ ಎಲ್ಲ ಅಂಗಳದಲ್ಲೇ ಸೇರಿದ್ದರು. ಸುರುಳಿ ಬಿಚ್ಚಿ ಬಾಗಿಲಿಗೆ ಒರಗಿಸಿದ್ದೇ, ಓಬಳಮ್ಮ "ಅಯ್ಯೋ ಪೆದ್ದಮ್ಮ!" ಎಂದು ಕೆನ್ನೆ ಹಿಡಿದುಕೊಂಡಳು. ಯಾರೂ ಗುರುತು ಕೇಳಬೇಕಾಗಲೇ ಇಲ್ಲ. ಪೆದ್ದಮ್ಮ ಚಿತ್ರಕ್ಕೆ ಮೂಗು ತಗಲುವಷ್ಟು ಹತ್ತಿರ ನಿಂತು, ಕೂದಲಿಂದ ಶುರುಮಾಡಿ ಅಂಗುಲ ಅಂಗುಲವಾಗಿ ತನ್ನನ್ನು ತಾನು ತಪಾಸಣೆ ಮಾಡಿಕೊಂಡಳು. "ಬಾಗುಂದೇ ನರಸಿ, ಚಾಲಾ ಬಾಗುಂದಿ" ಎಂದು ತೆಲುಗಿನಲ್ಲಿ ಮೆಚ್ಚಿಕೊಳ್ಳುತ್ತ ಸೀರೆಯ ಅಂಚಿಗೆ ಬಂದಳು. ಅಲ್ಲಿ ಅವಳ ಬೆರಳು ನಿಂತಿತು.

"ಈ ಮಾವಿನಕಾಯಿಗೆ ಮೀಸೆ ಯಾಕೇ?"

ಎಲ್ಲರೂ ಬಗ್ಗಿದರು. ಮುನಿಗಂಗಪ್ಪ ಕೆಮ್ಮಿದ. ಓಬಳಮ್ಮ ಸೆರಗಿನೊಳಗೆ ಮುಖ ಹುದುಗಿಸಿದಳು. ಕಡೆಗೆ ಬಗ್ಗಿದವನು ಮುನಿವೆಂಕಟಪ್ಪ. ಬಗ್ಗಿದವನು ನೆಟ್ಟಗಾದಾಗ ಕಿವಿಯವರೆಗೂ ಕೆಂಪಾಗಿದ್ದ.

"ನಾನು! ಇದು ನಾನು!"

"ಎಲ್ಲಿ ರೀ? ಅದು ಹುಳ" ಎಂದಳು ಲಕ್ಷ್ಮೀನರಸಮ್ಮ, ಹಸುವಿನಷ್ಟು ಸಾಧುವಾಗಿ.

"ಯಾವ ಹುಳಕ್ಕೆ ಮೀಸೆ ಇರ್ತೈತೆ? ನನ್ನ ಮೀಸೆ ನಂಗೆ ಗೊತ್ತಾಗಲ್ವಾ? ಮೂವತ್ತು ವರ್ಷದಿಂದ ಎಣ್ಣೆ ಹಚ್ತಾ ಇದೀನಿ. ನಾನೇ ಇದು, ನೂರಕ್ಕೆ ನೂರು ನಾನೇ!"

"ನೂರಕ್ಕೆ ನೂರು?"

"ನೂರಕ್ಕೆ ನೂರು!"

"ಕೇಳಿಸ್ಕೊಂಡ್ರಾ ಎಲ್ರೂ?" ಎಂದಳು ಲಕ್ಷ್ಮೀನರಸಮ್ಮ ಅಂಗಳದ ಕಡೆ ತಿರುಗಿ. "ನೋಡ್ದೋರು ಗುರುತು ಹಿಡಿಯೋ ಹಂಗಿರ್ಬೇಕು ಅಂದಿದ್ರು. ಒಬ್ಬರ ಚಿತ್ರ ಕೇಳಿದ್ರು, ನನ್ನ ಡಬ್ಬ ಇಬ್ಬರನ್ನ ಕೊಟ್ಟೈತೆ. ಎರಡನೇದಕ್ಕೆ ಅವ್ರೇ ಸಾಕ್ಷಿ."

ಮುನಿವೆಂಕಟಪ್ಪ ಸಿಕ್ಕಿಬಿದ್ದ. ನಾನಲ್ಲ ಎನ್ನೋಣವೆಂದರೆ ಅಂಗಳದ ತುಂಬ ಜನ ಕೇಳಿದ್ದಾರೆ. ನಾನೇ ಎಂದರೆ ಪಂತ ಸೋತಂತೆ. ಸರ್ರನೆ ತಿರುಗಿ ಹೋಗಿ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮುದುರಿ ಮಲಗಿಬಿಟ್ಟ. ಮುದ್ದೆ ತಟ್ಟೆಗೆ ಬಿದ್ದರೂ ಏಳಲಿಲ್ಲ. ಮುನಿಗಂಗಪ್ಪ ಎಬ್ಬಿಸಲು ಹೊರಟ.

"ಮುಟ್ಬೇಡಪ್ಪ" ಎಂದು ಲಕ್ಷ್ಮೀನರಸಮ್ಮ ಕೈ ಅಡ್ಡ ಹಿಡಿದಳು. "ಜ್ವರಕ್ಕೆ ಕೂತವ್ರೆ. ಒಳಗೆ ಕೆಲ್ಸ ನಡೀತಾ ಐತೆ."

ಪೆದ್ದಮ್ಮ ಅಂದೇ ಚಿತ್ರಕ್ಕೆ ತಾನೇ ದಾರ ಕಟ್ಟಿಸಿ ತನ್ನ ಮೊಳೆಗೆ ನೇತುಹಾಕಿಸಿದಳು. ಬದುಕಿರುವವರ ಪಟ ಆ ಸಾಲಿನಲ್ಲಿ ಬೇಡ ಎಂದು ಯಾರೋ ಅಂದದ್ದಕ್ಕೆ, "ಹೂವ ಒಂದು ಹಾಕ್ಬೇಡಿ ಸಾಕು, ಜಾಗ ಹಿಡ್ದಿಟ್ಟಿರ್ಲಿ" ಎಂದಳು. ಮುಂದಕ್ಕೆ ಗುಜರಿಯವನು ಬಂದಾಗ ತೂಕಕ್ಕೆ ಹೋದದ್ದು ಒಂದು ಮುರಿದ ಸ್ಟ್ಯಾಂಡು ಮಾತ್ರ.

ಆದರೆ ಅದು ಆಮೇಲಿನ ಮಾತು. ಮಾರನೆಯ ಬೆಳಿಗ್ಗೆ ಬೆಳಕು ಹರಿಯುತ್ತಿದ್ದಂತೆ ಹುಳವೆಲ್ಲ ಹಣ್ಣಾಗಿ ಹಳದಿ ಹಳದಿ. ಲಕ್ಷ್ಮೀನರಸಮ್ಮ ಚಂದ್ರಿಕೆಗಳನ್ನು ಹೊರಗೆ ಸಾಗಿಸುತ್ತಿದ್ದಳು. ಜಗಲಿಯ ಮೇಲೆ ಏನೋ ಅಲ್ಲಾಡಿತು. ಮುನಿವೆಂಕಟಪ್ಪ ಎದ್ದು, ಮೈ ಮುರಿದು, ಮೀಸೆ ಸವರಿಕೊಂಡು, ಎಲ್ಲಿಯೋ ನೋಡುತ್ತ ಕೇಳಿದ:

"ರಾತ್ರಿ ಮುದ್ದೆ ಉಳಿದಿದ್ರೆ ಹಾಕೇ. ಹೊಟ್ಟೆ ಕಿತ್ಕೊಂಡು ಬರ್ತಾ ಐತೆ."

ಕಾಂಪೌಂಡಿನ ಆಚೆಯಿಂದ ಪೆದ್ದಮ್ಮನ ದನಿ ಬಂತು. "ಎದ್ದಿತೇನೇ ನರಸಿ?"

"ಎದ್ದಿತು ಪೆದ್ದಮ್ಮ, ಪೊರೆ ಬಿಟ್ಟೈತೆ. ಇನ್ನು ಸೊಪ್ಪು ಹಾಕ್ಬಹುದು."